ಚಂದ್ರನ್ನ ಹೊತ್ತ ಹಗ್ಗದ ಬೆಟ್ಟ

ಒಂದಾನೊಂದು ಕಾಲದಲ್ಲಿ, ಸಮುದ್ರಕ್ಕೆ ಹಾಕಿದ ಉಪ್ಪು ಇನ್ನೂ ಪೂರ್ತಿ ಕರಗಿರದ ಕಾಲದಲ್ಲಿ, ಜಪಾನು ಅಂತ ಒಂದು ದೇಶ ಇತ್ತಂತೆ. ಈಗ್ಲೂ ಇದೆ, ಎಲ್ಲೂ ಹೋಗಿಲ್ಲ. ನಾನೇ ಹೋಗಿ ನೋಡ್ಕೊಂಡು ಬಂದಿದೀನಿ. ಹಡಗಿನ ಅಡುಗೆಮನೇಲಿ ಇದ್ದಾಗ. ಆ ಹಡಗಿನ ಸಾರಿನ ಹಂಡೆ ಎಷ್ಟು ದೊಡ್ಡದು ಅಂದ್ರೆ ಜಾನು, ಸೌಟಿಂದ ತಿರುವೋಕಾಗ್ತಿರ್ಲಿಲ್ಲ, ನಾನು ಪುಟ್ಟ ದೋಣಿ ಹತ್ತಿ ಹುಟ್ಟು ಹಾಕ್ತಾ ತಿರುವ್ತಿದ್ದೆ. ನಗಬೇಡ. ಕೇಳು ಬೇಕಾದ್ರೆ ನಿಮ್ಮಜ್ಜೀನ. ಕೇಳಿದ್ರೂ ಹೇಳಲ್ಲ ಅವಳು, ಗಂಟಲು ಕಟ್ಟಿದೆ. ಅದಕ್ಕೇ ತಾನೆ ಇವತ್ತು ಕತೆ ನನ್ನ ಪಾಲಿಗೆ ಬಂದಿರೋದು. ಅವಳ ಕತೇಲಿ ರಾಜ ಆನೆ ಮೇಲೆ ಬರ್ತಾನೆ, ಅಷ್ಟೇ. ನನ್ನ ಕತೇಲಿ ಬೆಟ್ಟಾನೇ ಚಕ್ರದ ಮೇಲೆ ಬರುತ್ತೆ.

ನೋಡು, ಅಡಕತ್ತರಿ ಕಟಕ್ ಅನ್ನಿಸಿದ್ಲು. ಹಂಡೆ ವಿಷಯ ಸುಳ್ಳು ಅಂತ ಅರ್ಥ ಅದಕ್ಕೆ. ಇರ್ಲಿ. ನೀನು ಕಂಬಳಿ ಹೊದ್ಕೊ.

ಆ ದೇಶದಲ್ಲಿ ಹೊಳೆ ದಂಡೇಲಿ ಒಂದು ಊರು. ಹೆಸರು ಹೇಳಿದ್ರೆ ನಿನ್ನ ನಾಲಿಗೆ ಗಂಟಾಗುತ್ತೆ, ಬೇಡ. ಬೇಸಿಗೆ ಕಾಯಿಲೆಗಳು ಊರು ಬಿಟ್ಟು ತೊಲಗ್ಲಿ ಅಂತ ಅಲ್ಲಿ ವರ್ಷಕ್ಕೊಂದು ಹಬ್ಬ ಮಾಡ್ತಿದ್ರಂತೆ. ಕೇರಿಗೊಂದು ಬಂಡಿ. ಆಳೆತ್ತರದ ಚಕ್ರ, ಸುತ್ತ ರತ್ನಗಂಬಳಿ, ನೆತ್ತಿ ಮೇಲೆ ಒಂದು ನಿಜವಾದ ಹಸಿರು ಮರ. ದೂರದಿಂದ ನೋಡಿದ್ರೆ ಗುಡ್ಡ ನಡ್ಕೊಂಡು ಬಂದ ಹಾಗೆ ಕಾಣುತ್ತೆ, ಅದಕ್ಕೆ ಆ ಜನ ಬಂಡಿಗೆ ಬೆಟ್ಟ ಅಂತಾನೇ ಕರೀತಿದ್ರಂತೆ. ಅದರ ಮೇಲೆ ಯಾವ ದೇವರು ಅಂತೀಯ? ದೇವರಲ್ಲ ಕೂಸೇ. ಹಾಡು. ಹಳೇ ಕಾಲದ ಯಾರೋ ಕಟ್ಟಿದ ಒಂದು ಹಾಡು ತಗೊಂಡು, ಹಾಡಲ್ಲಿ ಇರೋರನ್ನ ಆಳೆತ್ತರದ ಗೊಂಬೆ ಮಾಡಿ ಮೇಲೆ ಕೂರಿಸಿ, ಊರೆಲ್ಲ ಎಳೀತಿದ್ರಂತೆ. ನಾವು ದೇವರಿಗೆ ಹಾಡು ಹೇಳ್ತೀವಿ, ಅವರು ಹಾಡಿಗೇ ಮೆರವಣಿಗೆ ಮಾಡ್ತಾರೆ.

ಆ ಊರಲ್ಲಿ ಹಗ್ಗದ ಕೇರಿ ಅಂತ ಒಂದು ಬಡ ಕೇರಿ. ಹುಲ್ಲು ಹೊಸೆದು ಹಗ್ಗ ಮಾಡೋ ಜನ. ಅವರ ಬೆಟ್ಟದ ಮೇಲೆ ಒಬ್ಬ ಹುಡುಗಿ, ಕೈಯಲ್ಲಿ ಮರದ ಕೊಡ. ಅವರ ಹಾಡು ಹೀಗಿತ್ತಂತೆ:

ತುಂಬಿದೆ ಕೊಡ
ಒಳಗೆ ಚಂದ್ರ ಕೂತ
ಮೆಲ್ಲಗೆ ಹೆಜ್ಜೆ
ಚೆಲ್ಲಿದರೆ ಆಕಾಶ
ಬರಿದಾಗಿ ಹೋದೀತು

ಅಷ್ಟೇ ಹಾಡು. ಗಿಡ್ಡ ಸಾಲು, ಉದ್ದ ಸಾಲು, ಗಿಡ್ಡ ಸಾಲು, ಆಮೇಲೆ ಉದ್ದ, ಇನ್ನೊಂದು ಉದ್ದ. ಹಬ್ಬ ಹುಣ್ಣಿಮೆ ದಿನ. ಬೆಳಗಾಗೋ ಮುಂಚೆ, ಚಂದ್ರ ಇನ್ನೇನು ಮುಳುಗಬೇಕು ಅನ್ನೋವಾಗ, ಹೊಳೇಲಿ ಅವನು ಕಾಣೋ ಜಾಗಕ್ಕೇ ಕೊಡ ಅದ್ದಿ ನೀರು ತುಂಬಿ ಗೊಂಬೆ ಕೈಗೆ ಕೊಡಬೇಕು. ಆಮೇಲೆ ಹಗಲೆಲ್ಲ ಊರು ಸುತ್ತಿ, ಮೂರು ತಿರುವು ದಾಟಿ, ಚಂದ್ರ ಹುಟ್ಟೋ ಹೊತ್ತಿಗೆ ಬೆಟ್ಟ ಗುಡಿ ಮುಂದೆ ನಿಲ್ಲಬೇಕು. ಪೂಜಾರಿ ಕೊಡಕ್ಕೆ ಬಗ್ಗಿ ನೋಡಿ, ಇದ್ದಾನೆ ಚಂದ್ರ, ಅನ್ನಬೇಕು. ಆ ನೀರನ್ನ ಗುಡಿ ಮುಂದಿನ ಮುದಿ ಮರದ ಬುಡಕ್ಕೆ ಹುಯ್ಯಬೇಕು. ಇದು ಆ ಹಬ್ಬದ ಕಟ್ಟುಪಾಡು. ತಾತ ಮುತ್ತಾತನ ಕಾಲದಿಂದ ಒಂದು ತೊಟ್ಟೂ ಚೆಲ್ಲಿರ್ಲಿಲ್ಲವಂತೆ.

ಆಮೇಲೆ ಏನಾಯ್ತು, ಒಂದು ವರ್ಷ ಹಗ್ಗದ ಕೇರಿಗೆ ಬೆಂಕಿ ಬಿತ್ತು. ಹುಲ್ಲು ಒಟ್ಟಿದ ಕೇರಿ, ಕೇಳ್ಬೇಕಾ? ಬೆಟ್ಟ ಸುಟ್ಟು ಬೂದಿಯಾಯ್ತು. ಬೆಟ್ಟ ಕಟ್ಟೋದನ್ನ ಬಲ್ಲ ಹಿರೀಕರೂ ಹೋದ್ರು. ಆ ಕೇರೀಲಿ ಒತೋರ ಅಂತ ಒಬ್ಬ ಹೆಂಗಸು. ಅವಳ ಗಂಡ ಬೆಟ್ಟದ ಮೇಸ್ತ್ರಿ, ಅವನೂ ಆ ಬೆಂಕೀಲೇ ಹೋದ. ಅವಳು ಮನೆಯ ಅಕ್ಕಿ ಪೆಟ್ಟಿಗೆ ಬಿಟ್ಟು, ಹಾಸಿಗೆ ಬಿಟ್ಟು, ಬಟ್ಟೆ ಬಿಟ್ಟು, ಆಳೆತ್ತರದ ಆ ಗೊಂಬೆನ ಬೆನ್ನಿಗೆ ಕಟ್ಕೊಂಡು ಹೊಗೆ ಒಳಗಿಂದ ಹೊರಗೆ ಬಂದ್ಲಂತೆ. ಅವಳಿಗೆ ಮೂರು ಗಂಡು ಮಕ್ಕಳು, ಹೆಣ್ಣಿರ್ಲಿಲ್ಲ. ಅವತ್ತಿಂದ ಗೊಂಬೆನೇ ಮಗಳು. ತಲೆ ಬಾಚೋದು, ಚಳಿಗೆ ಹೊದಿಸೋದು, ಹಬ್ಬ ಬಂದ್ರೆ ಬಾಗಿಲ ಮುಂದೆ ಕೂರಿಸಿ ಕೈಗೆ ಕೊಡ ಕೊಡೋದು. ಬೇರೆ ಕೇರಿ ಬೆಟ್ಟಗಳು ಮುಂದೆ ಹಾದು ಹೋಗೋವಾಗ, ನೋಡಮ್ಮ, ಮುಂದಿನ ವರ್ಷ ನೀನೂ ಹೋಗ್ತೀಯ, ಅಂತ ಗೊಂಬೆಗೆ ಸಮಾಧಾನ ಹೇಳೋದು. ಹೀಗೇ ವರ್ಷಗಳು ಹೋದ್ವಂತೆ.

ಪಕ್ಕದಲ್ಲಿ ಎಣ್ಣೆ ಕೇರಿ. ಅದರ ಯಜಮಾನ ಕಾನ್ಬೇಯಿ. ಹೊಟ್ಟೆ ಹೇಗಿತ್ತಂತೆ ಅಂದ್ರೆ ಅದು ಓಣಿಗೆ ಬಂದು ಸ್ವಲ್ಪ ಹೊತ್ತಾದ ಮೇಲೆ ಅವನ ಮುಖ ಬರ್ತಿತ್ತಂತೆ. ಅವನು ಊರಿನ ಹಿರೀಕರ ಮುಂದೆ ಅಂದ, ಬೆಟ್ಟ ಇಲ್ಲದ ಕೇರಿಗೆ ಗೊಂಬೆ ಯಾಕ್ರಪ್ಪ? ಕೊಡಿ ಈ ಕಡೆ, ನಮ್ಮ ಬೆಟ್ಟದ ಮೇಲೆ ಕೂರ್ಲಿ, ಜರಿ ಉಡಿಸ್ತೀವಿ, ಆ ಮುದುಕಮ್ಮನ ಅಂಗಳದಲ್ಲಿ ಕೂತು ಕೋಳಿ ಕಾಯೋದಾದ್ರೂ ತಪ್ಪುತ್ತೆ. ಹಿರೀಕರು ತಲೆ ಕೆರ್ಕೊಂಡ್ರು. ಕೊನೆಗೆ, ಮೂರು ಹಬ್ಬ ಗಡುವು, ಅಂದ್ರಂತೆ. ಅಷ್ಟರೊಳಗೆ ಹಗ್ಗದ ಕೇರಿ ಬೆಟ್ಟ ಕಟ್ಟಿ, ನೀರು ಚೆಲ್ಲದೆ, ಚಂದ್ರನ್ನ ಗುಡಿಗೆ ತಂದ್ರೆ ಗೊಂಬೆ ಎಂದೆಂದಿಗೂ ಅವರದ್ದು. ಆಗದೇ ಹೋದ್ರೆ ಎಣ್ಣೆ ಕೇರಿಗೆ.

ಒತೋರ ಮನೆಗೆ ಬಂದು ಗೊಂಬೆ ಕಾಲು ಹಿಡ್ಕೊಂಡು ಕೂತ್ಬಿಟ್ಲು.

ಆಗ ದೊಡ್ಡ ಮಗ ಎದ್ದ. ಅವನ ಹೆಸರು ಗೊನ್ರೊಕು, ಕೋಣನಂಥ ಆಳು. ಅಳಬೇಡಮ್ಮ, ನಾನು ಕಟ್ತೀನಿ ಬೆಟ್ಟ, ಅಂದ. ಕಟ್ಟೋಕೂ ಶುರು ಮಾಡಿದ. ಆ ದೇಶದಲ್ಲಿ ಬೆಟ್ಟ ಕಟ್ಟೋಕೆ ಒಂದು ಮೊಳೇನೂ ಹೊಡಿಯಲ್ಲ ಜಾನು. ತೊಲೆಗೆ ತೊಲೆ ಇಟ್ಟು ಬರೀ ಹುಲ್ಲುಹಗ್ಗ ಸುತ್ತಿ ಬಿಗೀತಾರೆ. ನಾನು ಕಣ್ಣಾರೆ ನೋಡಿದೀನಿ. ಗೊನ್ರೊಕು ಮಾತ್ರ ಕಮ್ಮಾರನ ಹತ್ರ ಹೋಗಿ ಬುಟ್ಟಿ ತುಂಬ ಮೊಳೆ ತಂದ. ಅಯ್ಯೋ, ನಿಮ್ಮಪ್ಪ ಮೊಳೆ ಮುಟ್ಟಿದೋನಲ್ಲ ಕಣೋ, ಅಂದ್ಲು ತಾಯಿ. ಅಪ್ಪನ ಹಗ್ಗ ಸುಟ್ಟೋಯ್ತಲ್ಲಮ್ಮ, ಕಬ್ಬಿಣ ಸುಡುತ್ತಾ, ಅಂದ ಮಗ. ಬೆಂಕಿ ನೋಡಿದ ಮಕ್ಕಳು, ಹಗ್ಗ ಅಂದ್ರೆ ಹೆದರಿಕೆ. ಹಗ್ಗದ ಕೇರಿಯೋರೇ ಹಗ್ಗ ನಂಬಲಿಲ್ಲ ನೋಡು! ಢಣ್ ಢಣ್ ಅಂತ ಮೊಳೆ ಹೊಡೆದು ಹೊಡೆದು ಬೆಟ್ಟ ಕಲ್ಲಾಗಿ ನಿಂತಿತಂತೆ. ಹಬ್ಬದ ದಿನ ಹೋ ಅಂತ ಕೂಗಿ ಎಳೆದ್ರು. ದಾರೀಲಿ ಒಂದು ಕಡ್ಳೆಕಾಳಿನಷ್ಟು ಕಲ್ಲು ಸಿಕ್ಕಿದ್ರೂ ಆ ಏಟು ಚಕ್ರದಿಂದ ತೊಲೆಗೆ, ತೊಲೆಯಿಂದ ಗೊಂಬೆಗೆ, ಗೊಂಬೆಯಿಂದ ಕೊಡಕ್ಕೆ. ಮೊದಲನೇ ತಿರುವಲ್ಲೇ ತೊಲೆ ಚಟ್ ಅಂತ ಸೀಳಿ, ಕೊಡ ಬೋರಲಾಗಿ, ನೀರೆಲ್ಲ ಕೆಸರಿನ ಪಾಲಾಯ್ತಂತೆ.

ಅವತ್ತು ಸಾಯಂಕಾಲ ಚಂದ್ರ ಮೈಗೆಲ್ಲ ಕೆಸರು ಮೆತ್ಕೊಂಡು ಹುಟ್ಟಿದ. ಆ ಕಲೆ ಇನ್ನೂ ಹೋಗಿಲ್ಲ, ಕಿಟಕೀಲಿ ನೋಡು ಬೇಕಾದ್ರೆ.

ಏನು? ಅದು ಮೊಲ ಅಂತ ಅಜ್ಜಿ ಹೇಳಿದ್ಲಾ? ಮೊಲ ಯಾಕೆ ಹೋಗುತ್ತೆ ಅಲ್ಲಿಗೆ, ಹುಲ್ಲುಂಟಾ? ಕಟಕ್ ಕಟಕ್ ಅನ್ನು, ಅನ್ನು ನೀನು. ಇವತ್ತು ಕತೆ ನನ್ನದು.

ಎರಡನೇ ವರ್ಷ ನಡುವಿನ ಮಗ ಸಾಹೇಯಿ ಎದ್ದ. ಇವನು ಬುದ್ಧಿವಂತ. ಬುದ್ಧಿ ಎಷ್ಟಿತ್ತು ಅಂದ್ರೆ, ಸ್ವಲ್ಪ ಸೋರಿಹೋಗ್ಲಿ ಅಂತ ಒಂದೇ ಮಗ್ಗುಲಿಗೆ ಮಲಗ್ತಿದ್ದನಂತೆ. ಬೆಟ್ಟ ಕುಣಿದ್ರೆ ಕುಣೀಲಿ ಬಿಡಮ್ಮ, ಕೊಡಕ್ಕೆ ಮುಚ್ಚಳ ಜಡಿದ್ರೆ ನೀರೆಲ್ಲಿ ಹೋಗುತ್ತೆ, ಅಂದ. ಅಣ್ಣನ ಮೊಳೆ ಬೆಟ್ಟನೇ ರಿಪೇರಿ ಮಾಡಿಸಿ, ಕೊಡದ ಬಾಯಿಗೆ ಸರಿಯಾಗಿ ಒಂದು ಹಲಗೆ ಕೂರಿಸಿ, ಅದರ ಮೇಲೆ ನೀಲಿ ಬಣ್ಣದ ನೀರು, ನೀರಲ್ಲಿ ಬೆಳ್ಳಗೆ ಚಂದ್ರ ಬರೆಸಿದ. ತಾಯಿಗೂ ಹೇಳ್ಲಿಲ್ಲ. ಮೂರು ತಿರುವೂ ದಾಟಿತು. ಕೇರಿಗೆ ಕೇರಿಯೇ ಕುಣೀತು. ಒತೋರ ಕಣ್ಣೀರು ಒರೆಸ್ಕೊಳ್ತಾ ದಾರಿ ಬದಿ ಹಿಡಿದು ಗುಡಿ ತನಕ ಬಂದ್ಲು. ಪೂಜಾರಿ ಬಗ್ಗಿ ನೋಡಿದ. ಆಹಾ, ಎಂಥಾ ಚಂದ್ರ, ಅಂದ. ಅಂದು, ಒಂದು ಬೆರಳು ಅದ್ದೋಕೆ ಹೋದ.

ಟಕ್!

ನೀರು ಟಕ್ ಅನ್ನುತ್ತೇನೇ ಜಾನು? ಪೂಜಾರಿ ಇನ್ನೊಂದು ಸಲ ಬಡಿದ. ಟಕ್ ಟಕ್. ಬಾಗಿಲು ತೆಗೀರಪ್ಪ, ಒಳಗೆ ಯಾರೋ ಇದ್ದಾರೆ, ಅಂತ ಕಾನ್ಬೇಯಿ ಹೊಟ್ಟೆ ಹಿಡ್ಕೊಂಡು ನಕ್ಕ. ಹಿಡಿಯೋಕೆ ಇನ್ನೂ ಇಬ್ಬರು ಬೇಕಾದ್ರಂತೆ. ಪೂಜಾರಿಗೆ ಮಾತ್ರ ನಗು ಬರಲಿಲ್ಲ. ನೀರು ಉಳಿಸಿದ್ದೀಯ ಮಗಾ, ಚಂದ್ರ ಎಲ್ಲಿ ಕೂರಬೇಕು, ಅಂತ ಕೇಳಿದ. ಸಾಹೇಯಿ ಬುದ್ಧಿಯೆಲ್ಲ ಆವತ್ತು ಒಂದೇ ಸಲಕ್ಕೆ ಸೋರಿಹೋಯ್ತು. ಆ ಸಂಜೆ ಚಂದ್ರ ಕೆಂಪಗೆ, ಉಸಿರು ಕಟ್ಟಿದೋನ ಹಾಗೆ ಏದುಸಿರು ಬಿಡ್ತಾ ತಡವಾಗಿ ಹುಟ್ಟಿದನಂತೆ. ಇವನಿಗೇನಾಯ್ತಪ್ಪ, ಅಂತ ಒತೋರ ಒಬ್ಬಳೇ ತಲೆ ಎತ್ತಿ ನೋಡಿದ್ದು. ಉಳಿದೋರೆಲ್ಲ ನಾಚಿಕೆಗೆ ನೆಲ ನೋಡ್ತಿದ್ರು.

ಇನ್ನು ಒಂದೇ ಹಬ್ಬ ಉಳಿದಿದ್ದು. ಕಾನ್ಬೇಯಿ ಆಗಲೇ ಗೊಂಬೆಗೆ ಜರಿ ಬಟ್ಟೆ ಹೊಲಿಸಿ, ಅಳತೆ ಸರಿಯಾ ನೋಡಿ ಅಮ್ಮ, ಅಂತ ಒತೋರ ಮನೆಗೇ ಕಳಿಸಿದ್ನಂತೆ. ಎಂಥಾ ಉರಿ ಹೊಟ್ಟೇಲಿ ಅವಳಿಗೆ! ಬಟ್ಟೆ ಮಡಿಸಿ ವಾಪಸ್ಸು ಕಳಿಸಿದ್ಲು. ಅವತ್ತು ಗೊಂಬೆ ತಲೆ ಎರಡೆರಡು ಸಲ ಬಾಚಿದ್ಲು.

ಮೂರನೇ ಮಗ ಮಾಗೊ. ಊರಿಗೆಲ್ಲ ಅವನ ಹೆಸರು ಆಮೆ. ದಪ್ಪ ಮೈ, ನಿದ್ದೆಗಣ್ಣು. ಮನೆಗೆ ನೀರು ಹೊರೋದು ಅವನ ಕೆಲಸ, ಆದ್ರೆ ನಡಿಗೆ ಎಷ್ಟು ನಿಧಾನ ಅಂದ್ರೆ ಹೆಗಲ ಮೇಲೆ ಗುಬ್ಬಿ ಗೂಡು ಕಟ್ಟಿ, ಮರಿ ಮಾಡಿ, ಮರಿ ಹಾರಿಹೋದ ಮೇಲೆ ಇವನು ಮನೆ ಮುಟ್ಟೋನು. ಮಾಗೊ ಹೊರಟ, ಇನ್ನು ಹಬ್ಬ ಮುಂದಿನ ವರ್ಷ, ಅಂತ ಓಣಿಯ ಹೆಂಗಸರು ಆಡ್ಕೊಳ್ಳೋರು. ಅವನ ಅಣ್ಣಂದಿರಿಗೆ ಹೊಸೆಯೋದು, ಮಾರೋದು, ಜಗಳ ಆಡೋದು ಎಲ್ಲ ಬರ್ತಿತ್ತು. ಇವನಿಗೆ ಬರ್ತಿದ್ದಿದ್ದು ಒಂದೇ, ಅಮ್ಮನ ಹಾಡು. ಚಿಕ್ಕೋನಿದ್ದಾಗ ಜ್ವರ ಬಂದು ನಿದ್ದೆ ಹತ್ತದೆ ಒದ್ದಾಡ್ತಿದ್ದ. ಒತೋರ ಅವನನ್ನ ಹೆಗಲಿಗೆ ಹಾಕ್ಕೊಂಡು, ತುಂಬಿದೆ ಕೊಡ, ಒಳಗೆ ಚಂದ್ರ ಕೂತ, ಅಂತ ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ ಓಡಾಡ್ತಿದ್ಲು. ಜ್ವರ ಹೋಯ್ತು, ಹಾಡು ಕಾಲಲ್ಲೇ ಉಳೀತು. ನಡೆದ್ರೆ ಹಾಗೇ ನಡಿಯೋನು. ಗಿಡ್ಡ, ಉದ್ದ, ಗಿಡ್ಡ, ಉದ್ದ, ಉದ್ದ.

ಅಮ್ಮ, ನಾನು ಕಟ್ಲಾ, ಅಂದ ಮಾಗೊ.

ಕಟ್ಟಪ್ಪ, ಅಂದ್ಲು ತಾಯಿ. ಬೇಡ ಅನ್ನೋಕೂ ಶಕ್ತಿ ಇರ್ಲಿಲ್ಲ ಅವಳಿಗೆ.

ಮಾಗೊ ಮೊದಲು ಒಂದೊಂದೇ ಮೊಳೆ ಕಿತ್ತ. ಗೊನ್ರೊಕು ಪಾಪ ತಾನೇ ಬಂದು ಇಕ್ಕಳ ಹಿಡ್ದ. ಆಮೇಲೆ ಹೊಸ ಹುಲ್ಲು ತಂದು, ಕೇರಿಯೋರನ್ನೆಲ್ಲ ಕೂರಿಸಿ ಹಗ್ಗ ಹೊಸೆಸಿ, ತೊಲೆಗೆ ತೊಲೆ ಇಟ್ಟು ಸುತ್ತಿ ಸುತ್ತಿ ಕಟ್ಟಿದ. ಹಗ್ಗ ಎಷ್ಟು ಬೇಕಾಯ್ತು ಅಂದ್ರೆ, ಬಿಚ್ಚಿ ಎಳೆದಿದ್ರೆ ನಮ್ಮೂರಿನ ಬಾವಿಗೆ ಜಪಾನಲ್ಲೇ ನಿಂತು ಕೊಡ ಇಳಿಸಬಹುದಿತ್ತು. ಕಟ್ಟಿ ಮುಗಿಸಿ ತಳ್ಳಿ ನೋಡಿದ್ರೆ ಬೆಟ್ಟ ಆ ಕಡೆ ಈ ಕಡೆ ಒಲೀತಿತ್ತು. ಸಾಹೇಯಿ ಹೌಹಾರಿದ. ಲೋ ಆಮೆ, ಇದೇನೋ ಅಲ್ಲಾಡ್ತಿದೆ! ಮಾಗೊ ಆಕಳಿಸಿ ಅಂದನಂತೆ, ಬೆಟ್ಟ ಅಲ್ಲಾಡ್ಲಿ ಅಣ್ಣ, ನೀರು ಅಲ್ಲಾಡದಿದ್ರೆ ಸಾಕು.

ಆಮೇಲೆ ಎಳೆಯೋ ಆಳುಗಳನ್ನೆಲ್ಲ ಅಂಗಳಕ್ಕೆ ಕರೆದು, ನಾಳೆಯಿಂದ ಹೋ ಅಂತ ಕೂಗಂಗಿಲ್ಲ, ನಮ್ಮಮ್ಮ ಹಾಡ್ತಾಳೆ, ಹಾಗೇ ಹೆಜ್ಜೆ ಹಾಕಿ, ಅಂದ. ಒತೋರ ಹಾಡಿದ್ಲು. ಅರ್ಧ ಜನ ಅಲ್ಲೇ ಗೊರಕೆ ಹೊಡೆದ್ರಂತೆ. ಮಾಗೊಗೆ ಖುಷಿ. ಆಯ್ತು, ಕಲಿತ್ರು, ಅಂದ.

ಹಬ್ಬ ಬಂತು. ಬೆಳಗಿನ ಜಾವ ಒತೋರ ಹೊಳೆಗಿಳಿದು, ಚಂದ್ರ ಕಾಣೋ ಜಾಗಕ್ಕೆ ಕೊಡ ಅದ್ದಿ, ಮುಚ್ಚಳ ಇಲ್ಲ ಏನಿಲ್ಲ, ಬಾಯಿ ತನಕ ತುಂಬಿ ತಂದು ಗೊಂಬೆ ಕೈಗೆ ಕೊಟ್ಲು. ಹೋಗಿ ಬಾ ತಾಯಿ, ಅಂತ ಅದರ ಕೆನ್ನೆ ಸವರಿದ್ಲು. ಹೆಂಗಸರು ಬೆಟ್ಟದ ಜೊತೆ ನಡೆಯೋ ಹಾಗಿಲ್ಲ ಅಂತ ಆ ಊರಿನ ಕಟ್ಟು, ಅದಕ್ಕೆ ಹಾಡನ್ನ ಎಳೆಯೋರ ಬಾಯಿಗೇ ಬಿಟ್ಟು, ಸಂದಿಯಿಂದ ಸಂದಿಗೆ ಹಾದು, ಒಂದೊಂದು ತಿರುವಲ್ಲೂ ದಾರಿ ಬದೀಲಿ ನಿಂತ್ಲು. ಬೆಟ್ಟ ಹೊರಡ್ತು. ಗಿಡ್ಡ ಸಾಲಿಗೆ ಚೂರು ಎಳೆತ, ಉದ್ದ ಸಾಲಿಗೆ ಉದ್ದ ಎಳೆತ. ಕಲ್ಲು ಸಿಕ್ಕಿದ್ರೆ ಹಗ್ಗ ಕಿರ್ ಅಂದು ಆ ಏಟನ್ನ ತಾನೇ ನುಂಗ್ತಿತ್ತು. ಮೇಲೆ ನೀರು ಕನ್ನಡಿ ಹಾಗೆ. ಮೊದಲನೇ ತಿರುವು ದಾಟಿತು. ಎರಡನೇದೂ ದಾಟಿತು. ಹಗಲೆಲ್ಲ ಹೋಯ್ತು.

ಮೂರನೇ ತಿರುವು ಎಣ್ಣೆ ಕೇರಿ ಬಾಯಲ್ಲಿ. ಆ ಬಂಡಿ ಚಕ್ರ ನಮ್ಮ ಗಾಡಿ ಹಾಗೆ ತಾನಾಗಿ ಮಗ್ಗುಲಿಗೆ ತಿರುಗಲ್ಲ. ಒದ್ದೆ ಬಿದಿರಿನ ಸೀಳು ಕೆಳಗೆ ಹಾಸಿ, ಅಡ್ಡಡ್ಡ ಎಳೆದು ಜಾರಿಸ್ಬೇಕು. ಬಿದಿರು ಹಾಸಿದ್ರು, ನೀರು ಚಿಮುಕಿಸಿದ್ರು, ಹಾಡಿಗೆ ಹಗ್ಗ ಹಿಡಿದ್ರು. ಅದೇ ಹೊತ್ತಿಗೆ ಕಾನ್ಬೇಯಿ ತನ್ನ ಡೋಲಿನೋರಿಗೆ ಕಣ್ಣು ಹೊಡೆದ. ಢಮಢಮ ಢಮಢಮ ಅಂತ ಎಂಟೂರಿಗೆ ಕೇಳೋ ಹಾಗೆ ಬಡಿದ್ರಪ್ಪ! ಹಾಡು ಮುಳುಗಿಹೋಯ್ತು. ಎಳೆಯೋರ ಕಾಲು ಡೋಲಿಗೆ ಬಿತ್ತು, ಒಬ್ಬ ಮುಂದೆ, ಒಬ್ಬ ಹಿಂದೆ. ಬೆಟ್ಟ ವಾಲಿತು. ಕೊಡದ ನೀರು ಒಂದು ಮಗ್ಗುಲಿಗೆ ಏರಿ ಏರಿ, ಅಂಚಿಗೆ ಬಂದು, ಒಂದು ತೊಟ್ಟು ಹೊರಗೆ ಇಣುಕಿ ನಿಂತಿತಂತೆ. ಬೀಳಲೋ ಬೇಡವೋ ಅಂತ.

ಒತೋರ ನೋಡಿದ್ಲು. ದಾರಿ ಬದೀಲಿ ನಿಂತಲ್ಲೇ ಬಾಯಿ ತೆಗೆದ್ಲು. ಕೂಗಲಿಲ್ಲ. ಜ್ವರದ ಮಗುಗೆ ಹಾಡಿದ್ದ ಹಾಗೇ ಹಾಡಿದ್ಲು. ತುಂಬಿದೆ ಕೊಡ. ಪಕ್ಕದಲ್ಲಿದ್ದ ಹೆಂಗಸು ಸೇರಿದ್ಲು. ಒಳಗೆ ಚಂದ್ರ ಕೂತ. ಎದುರು ಬದಿಯ ಹೆಂಗಸರು ಸೇರಿದ್ರು, ಆಮೆ ಅಂತ ಆಡ್ಕೊಂಡೋರೇ. ಮೆಲ್ಲಗೆ ಹೆಜ್ಜೆ. ಅಲ್ಲಿಂದ ರೇಷ್ಮೆ ಕೇರಿ, ಅಲ್ಲಿಂದ ಮೀನಿನ ಕೇರಿ. ಡೋಲಿನೋನು ಒಬ್ಬ ಇದ್ದ, ಮನೇಲಿ ಎಳೇ ಮಗು ಇತ್ತು ಅವನಿಗೆ. ಅವನ ಕೈ ಅವನನ್ನ ಕೇಳದೇನೇ ಹಾಡಿಗೆ ಬಿತ್ತಂತೆ. ಆಮೇಲೆ ಎಲ್ಲಾ ಡೋಲುಗಳೂ ಬಿದ್ವು. ಢಂ ಅಂತ ಗಿಡ್ಡ, ಢಂ ಅಂತ ಉದ್ದ. ಬೆಟ್ಟ ಒಂದು ಸಲ ನಿಟ್ಟುಸಿರು ಬಿಟ್ಟು, ಎಲೆ ನೀರ ಮೇಲೆ ತಿರುಗೋ ಹಾಗೆ ಬಿದಿರಿನ ಮೇಲೆ ತಿರುಗ್ತು. ಇಣುಕಿದ್ದ ತೊಟ್ಟು ಒಳಗೆ ಹೋಯ್ತು.

ಗುಡಿ ಮುಟ್ಟಿದ್ರು. ಕತ್ತಲಾಯ್ತು. ಎಲ್ಲಾ ಮೂಡ್ಲ ಕಡೆ ಮುಖ ಮಾಡಿ ನಿಂತ್ರು. ಚಂದ್ರ ಹುಟ್ಟಲಿಲ್ಲ.

ಮೋಡ ಇರ್ಲಿಲ್ಲ ಜಾನು. ಚುಕ್ಕಿ ಇದ್ವು. ಹುಣ್ಣಿಮೆ. ಚಂದ್ರ ಇಲ್ಲ. ಕಾದ್ರು, ಕಾದ್ರು, ಇಲ್ಲ. ಮಕ್ಕಳು ಅಳೋಕೆ ಶುರು ಮಾಡಿದ್ವು. ಕಾನ್ಬೇಯಿ ಮುಂದೆ ಬಂದ. ಆಕಾಶದಲ್ಲೇ ಇಲ್ಲದ ಚಂದ್ರ ನಿಮ್ಮ ಕೊಡಕ್ಕೆ ಎಲ್ಲಿಂದ ಬರ್ತಾನೆ? ಗಡುವು ಮುಗೀತು. ಇಳಿಸಿ ಗೊಂಬೆನ, ಅಂದ. ಒತೋರ ಬಾಯಿಗೆ ಸೆರಗು ಒತ್ತಿಕೊಂಡ್ಲು. ಅಲ್ಲಿ ಸೆರಗು ಇರಲ್ಲ, ಬಟ್ಟೆಯ ತೋಳು ಉದ್ದ ಇರುತ್ತೆ, ಅದನ್ನ ಒತ್ತಿಕೊಂಡ್ಲು.

ಕಟ್ಟು ಕಟ್ಟೇ, ಒಂದು ಸಲ ನೋಡಿಬಿಡ್ತೀನಿ, ಅಂದ ಪೂಜಾರಿ. ಏಣಿ ಹತ್ತಿ ಕೊಡಕ್ಕೆ ಬಗ್ಗಿದ. ಬಗ್ಗಿದೋನು ಬಗ್ಗೇ ಇದ್ದ. ಕೆಳಗೆ ನಿಂತೋರಿಗೆ ಕಂಡಿದ್ದು ಇಷ್ಟು: ಅವನ ಗಡ್ಡ ಬೆಳ್ಳಗಾಯ್ತು, ಗಲ್ಲ ಬೆಳ್ಳಗಾಯ್ತು, ಹುಬ್ಬು ಬೆಳ್ಳಗಾಯ್ತು. ಬೆಳಕು ಕೆಳಗಿಂದ ಬರ್ತಿತ್ತು. ಕೊಡದ ಒಳಗಿಂದ.

ಇದ್ದಾನೆ, ಅಂದ ಪೂಜಾರಿ, ಪಿಸುಮಾತಲ್ಲಿ. ನಿದ್ದೆ ಮಾಡ್ತಿದ್ದಾನೆ.

ಗೊತ್ತಾಯ್ತಾ ನಿನಗೆ? ಬೆಳಗಿನ ಜಾವ ಕೊಡದಲ್ಲಿ ಬಂದೋನು, ಹಾಡು ಕೇಳ್ತಾ, ತೂಗಿಸ್ಕೊಳ್ತಾ, ಹಗಲೆಲ್ಲ ಮಲಗಿಬಿಟ್ಟಿದ್ದಾನೆ ಪುಣ್ಯಾತ್ಮ! ಹುಟ್ಟೋ ಹೊತ್ತಾಗಿದ್ದೂ ಗೊತ್ತಿಲ್ಲ ಅವನಿಗೆ. ಹೋದ ವರ್ಷಗಳಲ್ಲೂ ಕೊಡದೊಳಗೆ ಬಂದಿದ್ದೋನು ಅವನೇ. ಒಂದು ಸಲ ಕೆಸರಿಗೆ ಕೆಡವಿದ್ರು, ಒಂದು ಸಲ ಮುಚ್ಚಳ ಹಾಕಿ ಉಸಿರು ಕಟ್ಟಿಸಿದ್ರು.

ಆಮೇಲೆ ಮಾಗೊ ಕೊಡ ಇಳಿಸಿ ತಾಯಿ ಕೈಗೆ ಕೊಟ್ಟ. ಒತೋರ ಮುದಿ ಮರದ ಬುಡಕ್ಕೆ ಮೆಲ್ಲಗೆ, ಮೆಲ್ಲಗೆ ಹುಯ್ದ್ಲು. ಚಂದ್ರ ಕಣ್ಣುಜ್ಜಿಕೊಂಡು ಎದ್ದ, ಮರದ ಬುಡ ಹಿಡಿದ, ಕೊಂಬೆಯಿಂದ ಕೊಂಬೆಗೆ ಹತ್ತಿದ, ತುದಿಗೆ ಹೋಗಿ ಕೂತು ಒಂದು ಸಲ ಕೆಳಗೆ ನೋಡಿದ, ಆಮೇಲೆ ಆಕಾಶಕ್ಕೆ ಕಾಲಿಟ್ಟ. ಊರಿಗೆ ಊರೇ ಬಾಯಿ ಬಿಟ್ಕೊಂಡು ನಿಂತಿತ್ತು. ಮೊದಲು ಕೈ ಮುಗಿದೋನು ಕಾನ್ಬೇಯಿಯಂತೆ. ಹೊಟ್ಟೆ ಅಡ್ಡ ಬಂದು ಎರಡು ಕೈ ಸರಿಯಾಗಿ ಸೇರಲಿಲ್ಲ, ಆದ್ರೂ ಮುಗಿದ. ಹೊಲಿಸಿದ ಜರಿ ಬಟ್ಟೆನ ತಾನೇ ತಂದು, ತಪ್ಪಾಯ್ತು ತಾಯಿ, ಇದು ಮಗಳಿಗೆ ಅಣ್ಣನ ಮನೆ ಉಡುಗೊರೆ ಅನ್ಕೊಳ್ಳಿ, ಅಂದ. ಒತೋರ ಅಳತೆ ನೋಡಿ, ತೋಳು ಸ್ವಲ್ಪ ಗಿಡ್ಡ ಆಯ್ತಲ್ಲ, ಅಂದ್ಲಂತೆ. ಸುಮ್ನೆ ಬಿಡ್ತಾಳಾ?

ಅವತ್ತಿಂದ ಆ ಕೇರಿಗೆ ಬೇಸಿಗೆ ಕಾಯಿಲೆ ಬರಲಿಲ್ಲ. ಗೊನ್ರೊಕು ಕಿತ್ತ ಮೊಳೆಗಳನ್ನ ಕರಗಿಸಿ ಗುಡಿಗೆ ಗಂಟೆ ಮಾಡಿಸಿದ, ಸಾಹೇಯಿ ಮುಚ್ಚಳ ಅಂಗಡಿ ಇಟ್ಟು ಚೆನ್ನಾಗಿ ಸಂಪಾದಿಸಿದ, ಮಾಗೊ ಬೆಟ್ಟದ ಮೇಸ್ತ್ರಿಯಾಗಿ ಆರಾಮಾಗಿ ನಿದ್ದೆ ಮಾಡಿದ. ಒತೋರ ಮಗಳು ಈಗ್ಲೂ ವರ್ಷಕ್ಕೊಮ್ಮೆ ಊರು ಸುತ್ತಿ ಮನೆಗೆ ಬರ್ತಾಳಂತೆ.

ಅಂತೆ ಯಾಕೆ, ನಾನೇ ನೋಡಿದೀನಿ. ಆ ಮರದ ತೊಗಟೇಲಿ ಚಂದ್ರ ಹತ್ತಿದ ಬಿಳೀ ಗುರುತು ಇದೆ. ಈ ಕೈಯಿಂದ ಮುಟ್ಟಿದೆ. ನೋಡು, ಅಂಗೈಯಲ್ಲಿ ಬೆಳ್ಳಗೆ, ಇನ್ನೂ ಹೋಗಿಲ್ಲ.

ಕಟಕ್ ಅಂದ್ಲು ನೋಡು. ಎಣ್ಣೆ ಸಿಡಿದ ಕಲೆ ಅಂತೆ. ಇವಳೇನು ಕಂಡ್ಲು ಆ ಹಡಗಿನ ಅಡುಗೆಮನೇನ.

ಏನು, ನೀರು ಬೇಕಾ? ಕಿಟಕಿ ಹತ್ರ ಚೆಂಬು ಇದೆ, ತಗೊ. ಇರು ಇರು, ಹಾಗೆ ಎತ್ತಬೇಡ, ಮೊದಲು ಒಳಗೆ ನೋಡು. ಕಂಡ್ನಾ? ಹೂಂ. ಈಗ ಬಾ.

ನೋಡೇ, ನಿನ್ನ ಅಜ್ಜಿ ಕಟ್ಟಿದ ಗಂಟಲಲ್ಲೂ ಹಾಡೋಕೆ ಶುರು ಮಾಡಿದ್ಲು. ಇವಳಿಗೆ ಬರಲ್ಲ ಅನ್ಕೊಂಡಿದ್ದೆ, ಈ ಹಾಡು.

ಮೆಲ್ಲಗೆ ಹೆಜ್ಜೆ, ಕೂಸೇ. ಮೆಲ್ಲಗೆ. ಹಾಂ, ಒಂದು ತೊಟ್ಟೂ ಚೆಲ್ಲಲಿಲ್ಲ. ಚಂದ್ರ ಮನೆ ಸೇರಿದ, ಜಾನು ಹಾಸಿಗೆ ಸೇರಿದ್ಲು, ಅಜ್ಜನ ಕತೆ ಇಲ್ಲಿಗೆ ಮುಗೀತು.